ಫ್ಲುಕೊನಜೋಲ್‌ಗೆ 24 ಗಂಟೆಗೆ ಬಗ್ಗಿ 48ಕ್ಕೆ ಮತ್ತೆ ಎದ್ದು ಕೂರುವ ಕ್ಯಾಂಡಿಡಾ: ಕ್ಯಾಲ್ಸಿಯಂ ಕೈವಾಡ ಎಷ್ಟು?

ತಟ್ಟೆಬೂಷ್ಟು
ಕ್ಯಾಂಡಿಡಾ ಆಲ್ಬಿಕನ್ಸ್ (ಯೀಸ್ಟ್ ಜಾತಿಯ ಫಂಗಸ್), ರಕ್ತದಿಂದ ಬೇರ್ಪಡಿಸಿದ ತಳಿ (ಐಸೊಲೇಟ್). ಯೀಸ್ಟ್ ಮೇಲೆ ಔಷಧ ಪರೀಕ್ಷಿಸುವ ಸಿಎಲ್‌ಎಸ್‌ಐ ಎಂ27 ಕ್ರಮದಲ್ಲೇ 96 ಗುಳಿಯ (ವೆಲ್) ಪ್ಲೇಟ್, ಆರ್‌ಪಿಎಂಐ 1640 ಮೀಡಿಯಂ, 35 ಡಿಗ್ರಿ. 24 ಗಂಟೆಗೆ ಫ್ಲುಕೊನಜೋಲ್ (ಅಜೋಲ್ ಗುಂಪಿನ ಫಂಗಸ್ ಔಷಧ) ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ, 0.5 ಮೈಕ್ರೋಗ್ರಾಂ/ಮಿ.ಲೀ. 48 ಗಂಟೆಗೆ ನೋಡಿದರೆ 64ರ ವೆಲ್‌ವರೆಗೂ ಮಬ್ಬು. ಅದೇ ಪ್ಲೇಟಿನಲ್ಲಿ ಟ್ಯಾಕ್ರೊಲಿಮಸ್ (ಅಂಗ ಕಸಿಯಾದವರಿಗೆ ಕೊಡುವ ಔಷಧ) 1 ಮೈಕ್ರೋಗ್ರಾಂ/ಮಿ.ಲೀ. ಸೇರಿಸಿದ ಸಾಲು ಮಾತ್ರ ತಿಳಿನೀರು. ಇನ್ನೊಂದು ಸಾಲಿಗೆ ಕ್ಯಾಲ್ಸಿಯಂ ಕ್ಲೋರೈಡ್ 50 ಮಿಲಿಮೋಲಾರ್ ಹಾಕಿದ್ದು, ಅದು ಈ ತುದಿಯಿಂದ ಆ ತುದಿವರೆಗೆ ಮಬ್ಬು.

ಇದನ್ನು ರೆಸಿಸ್ಟೆಂಟ್ ಅನ್ನಬಹುದಾ? ಕ್ಯಾಲ್ಸಿಯಂ ಹಾಕಿದ್ದಕ್ಕೆ ರೆಸಿಸ್ಟೆನ್ಸ್ ಹೆಚ್ಚಿತು ಅಂತ ಬರೆಯಬಹುದಾ?

ಎಂಐಸಿ ಮಾಸ್ತರ
ಎರಡೂ ಬರೆಯಬೇಡಿ. ಆಲ್ಬಿಕನ್ಸ್‌ಗೆ ಫ್ಲುಕೊನಜೋಲ್ ಗೆರೆ 2ರವರೆಗೆ ಸಸೆಪ್ಟಿಬಲ್ (ಔಷಧಕ್ಕೆ ಬಗ್ಗುವುದು), 4 ಡೋಸ್ ನೋಡಿಕೊಂಡು, 8 ಮತ್ತು ಮೇಲೆ ರೆಸಿಸ್ಟೆಂಟ್. ಓದುವುದು 24 ಗಂಟೆಗೆ, ಕಂಟ್ರೋಲ್‌ಗಿಂತ ಶೇ 50 ಇಳಿದ ಮೊದಲ ವೆಲ್. ನಿಮ್ಮದು 0.5, ಅಂದರೆ ಸಸೆಪ್ಟಿಬಲ್. 48ಕ್ಕೆ ಕಾಣುವುದನ್ನು ಹಳಬರು ಟ್ರೇಲಿಂಗ್ ಅನ್ನುತ್ತಿದ್ದರು, ಈಗ ಟಾಲರೆನ್ಸ್ ಅನ್ನುತ್ತಾರೆ. ಎಂಐಸಿ ದಾಟಿದ ಮೇಲೂ ಗುಂಪಿನಲ್ಲಿ ಕೆಲವು ಕೋಶಗಳು ನಿಧಾನವಾಗಿ ಬೆಳೆಯುತ್ತಲೇ ಇರುತ್ತವೆ, ಅಷ್ಟೇ.

ಮೀಡಿಯಂ ಪಿಎಚ್ 5ಕ್ಕೆ ಇಳಿಸಿ ನೋಡಿ, ಟ್ರೇಲಿಂಗ್ ಬಹುಪಾಲು ಮಾಯ. ನಿಜವಾದ ರೆಸಿಸ್ಟೆನ್ಸ್ ಹಾಗೆ ಮಾಯವಾಗಲ್ಲ.

ಧಾರವಾಡ ಯೀಸ್ಟ್
ಆ ಕ್ಯಾಲ್ಸಿಯಂ ಸಾಲಿನಾಗ ಕೋಶ ಹಾಕದ ವೆಲ್ ಒಂದು ಇರಬೇಕಲ್ರಿ, ಅದು ಹೆಂಗೈತಿ?

ತಟ್ಟೆಬೂಷ್ಟು
ಅದೂ ಮಬ್ಬು ಸರ್. ಕಂಟ್ಯಾಮಿನೇಷನ್ ಅಂದುಕೊಂಡೆ.

ಧಾರವಾಡ ಯೀಸ್ಟ್
ಕಂಟ್ಯಾಮಿನೇಷನ್ ಅಲ್ರಿ, ಸುಣ್ಣ! ಆರ್‌ಪಿಎಂಐನಾಗ ಫಾಸ್ಫೇಟ್ 5.6 ಮಿಲಿಮೋಲಾರ್ ಐತಿ. ಪಿಎಚ್ 7ರಾಗ 50 ಮಿಲಿಮೋಲಾರ್ ಕ್ಯಾಲ್ಸಿಯಂ ಸುರಿದ್ರ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕ ಕೂಡತದ. ರೀಡರ್‌ಗೆ ಸುಣ್ಣ ಯಾವುದು, ಯೀಸ್ಟ್ ಯಾವುದು ಅಂತ ಏನ್ ಗೊತ್ತು, 530 ನ್ಯಾನೋಮೀಟರ್‌ನಾಗ ಎರಡೂ ಮಬ್ಬ. ಒಂದು ಹನಿ ಸ್ಲೈಡಿಗೆ ಹಾಕಿ 40ರ ಲೆನ್ಸಿನಾಗ ನೋಡ್ರಿ. ಇನ್ನೊಂದು ಹನಿಗೆ ಸ್ವಲ್ಪ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಬಿಡ್ರಿ. ತಿಳಿಯಾತಂದ್ರ ಸುಣ್ಣ, ಆಗಲಿಲ್ಲಂದ್ರ ಕೋಶ.

ಇನ್ನೊಂದು, ಹಂಗ ಕೂಡುವಾಗ ಪಿಎಚ್ ಸೈತ ಕೆಳಗ ಜಾರತದ. ಎಂಒಪಿಎಸ್ ಬಫರ್ 0.165 ಮೋಲಾರ್ ಹಾಕಿದ್ರ ತಡೀತದ, ಹಾಕದಿದ್ರ ಇಲ್ಲ. ಮಾಸ್ತರ್ ಹೇಳಿದ ಪಿಎಚ್ ಪರಿಣಾಮನೂ ಅದರಾಗ ಸೇರಿಕೊಂಡ್ರ ನಿಮಗ ಏನೂ ಅರ್ಥ ಆಗೂದಿಲ್ಲ.

ಕಲ್ಲುಹೂವು
ಆ ಸಾಲು ಬಿಟ್ಟುಬಿಡಿ, ಟ್ಯಾಕ್ರೊಲಿಮಸ್ ಸಾಲಿಗೆ ಬನ್ನಿ, ಅಸಲಿ ವಿಷಯ ಅಲ್ಲಿದೆ.

ಹೊರಗೆ ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ 1.1ರಿಂದ 1.3 ಮಿಲಿಮೋಲಾರ್. ಯೀಸ್ಟ್ ಕೋಶದ ಒಳರಸದಲ್ಲಿ 100 ನ್ಯಾನೋಮೋಲಾರ್ ಆಸುಪಾಸು. ಹತ್ತು ಸಾವಿರ ಪಟ್ಟು ಅಂತರ. ಬಾಗಿಲು ಒಂದು ಗಳಿಗೆ ತೆರೆದರೆ ಸಾಕು, ಒಳಗೆ ನುಗ್ಗುತ್ತದೆ. ಸಿಸಿಎಚ್1 ಮತ್ತು ಮಿಡ್1 ಸೇರಿದ ಚಾನೆಲ್ ಆ ಬಾಗಿಲು. ನುಗ್ಗಿದ್ದನ್ನು ಪಿಎಂಸಿ1 ಪಂಪೂ ವಿಸಿಎಕ್ಸ್1 ವಿನಿಮಯಕವೂ ವ್ಯಾಕ್ಯುವೋಲ್ ಎಂಬ ಉಗ್ರಾಣಕ್ಕೆ ತುಂಬುತ್ತವೆ, ಪಿಎಂಆರ್1 ಗಾಲ್ಗಿಗೆ ಸಾಗಿಸುತ್ತದೆ. ಉಗ್ರಾಣದಿಂದ ಮತ್ತೆ ಆಚೆ ಬಿಡಲು ವೈವಿಸಿ1 ಇದೆ.

ಫ್ಲುಕೊನಜೋಲ್ ಎರ್ಗೋಸ್ಟೆರಾಲ್ ತಯಾರಿ ನಿಲ್ಲಿಸಿದಾಗ ಪೊರೆ ಹದಗೆಡುತ್ತದೆ, ಬಾಗಿಲು ತೆರೆಯುತ್ತದೆ. ಏರಿದ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್‌ಗೆ ಅಂಟುತ್ತದೆ, ಅದು ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸ್ ಅನ್ನು ಎಬ್ಬಿಸುತ್ತದೆ. ಕ್ಯಾಲ್ಸಿನ್ಯೂರಿನ್ ಕ್ರಿಜ್1 ಎಂಬ ಪ್ರೋಟೀನಿನ ಫಾಸ್ಫೇಟ್ ಕಳಚುತ್ತದೆ, ಕ್ರಿಜ್1 ನ್ಯೂಕ್ಲಿಯಸ್ಸಿಗೆ ಹೋಗಿ ಗೋಡೆ, ಪೊರೆ, ಪಂಪು ದುರಸ್ತಿಯ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಟ್ಯಾಕ್ರೊಲಿಮಸ್ ಎಫ್‌ಕೆಬಿಪಿ12 ಎಂಬ ಪ್ರೋಟೀನಿಗೆ ಅಂಟಿ, ಆ ಜೋಡಿ ಹೋಗಿ ಕ್ಯಾಲ್ಸಿನ್ಯೂರಿನ್ ಬಾಯಿ ಮುಚ್ಚಿಸುತ್ತದೆ. ಸೈಕ್ಲೋಸ್ಪೊರಿನ್ ಅದೇ ಕೆಲಸವನ್ನು ಸೈಕ್ಲೋಫಿಲಿನ್ ಮೂಲಕ ಮಾಡುತ್ತದೆ. ದುರಸ್ತಿ ನಿಂತಿತು, ಬೆಳವಣಿಗೆ ತಡೆಯುವಷ್ಟೇ ಶಕ್ತಿಯ ಫ್ಲುಕೊನಜೋಲ್ ಆಲ್ಬಿಕನ್ಸ್ ಮೇಲೆ ಕೊಲ್ಲುವ ಔಷಧವಾಯಿತು. ನಿಮ್ಮ ತಿಳಿನೀರಿನ ಸಾಲು ಅದೇ.

ಒಟ್ಟಿನಲ್ಲಿ ಕ್ಯಾಲ್ಸಿಯಂ ದಾರಿ ರೆಸಿಸ್ಟೆನ್ಸ್ ಅಲ್ಲ. ರೆಸಿಸ್ಟೆನ್ಸ್ ಕೊಡುವ ಮ್ಯುಟೇಶನ್ ಬರುವವರೆಗೆ ಕೋಶವನ್ನು ಜೀವಂತ ಇಡುವ ಗಂಜಿಕೇಂದ್ರ.

ಪಂಪ್‌ಸೆಟ್
ಗಂಜಿಕೇಂದ್ರ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. ಟ್ಯಾಕ್ರೊಲಿಮಸ್ ಕ್ಯಾಲ್ಸಿನ್ಯೂರಿನ್ ಅನ್ನಷ್ಟೇ ಹಿಡಿಯಲ್ಲ, ಔಷಧ ಹೊರಗೆ ತಳ್ಳುವ ಸಿಡಿಆರ್1 ತರಹದ ಎಬಿಸಿ ಪಂಪುಗಳಿಗೂ ಅಡ್ಡ ನಿಲ್ಲುತ್ತದೆ. ಔಷಧ ಆಚೆ ಹೋಗದೆ ಒಳಗೇ ಉಳಿದಿದ್ದಕ್ಕೂ ಸಾಲು ತಿಳಿಯಾಗಿರಬಹುದು. ಒಂದೇ ಸಾಲು ನೋಡಿ ಕ್ಯಾಲ್ಸಿನ್ಯೂರಿನ್ ಅಂತ ತೀರ್ಮಾನಿಸುವುದು ಅವಸರ.

ಕಲ್ಲುಹೂವು
1 ಮೈಕ್ರೋಗ್ರಾಂನಲ್ಲಿ ಮುಖ್ಯ ಪರಿಣಾಮ ಕ್ಯಾಲ್ಸಿನ್ಯೂರಿನ್‌ದೇ. ಸಿಎನ್‌ಬಿ1 (ಕ್ಯಾಲ್ಸಿನ್ಯೂರಿನ್‌ನ ಒಂದು ಭಾಗದ ಜೀನ್) ತೆಗೆದ ತಳಿ ಟ್ಯಾಕ್ರೊಲಿಮಸ್ ಇಲ್ಲದೆಯೂ ಫ್ಲುಕೊನಜೋಲ್‌ಗೆ ಸಾಯುತ್ತದಲ್ಲ.

ಪಂಪ್‌ಸೆಟ್
ಸಾಯುತ್ತದೆ, ಆಲ್ಬಿಕನ್ಸ್‌ನಲ್ಲಿ. ನಾನು ಕೇಳುತ್ತಿರುವುದು ಅವರ ಐಸೊಲೇಟ್‌ನಲ್ಲಿ ಏನು ನಡೆದಿದೆ ಅಂತ. ಆಸ್ಪತ್ರೆ ಐಸೊಲೇಟ್‌ನಲ್ಲಿ ಸಿಡಿಆರ್ ಪಂಪು ಜೋರಾಗಿ ಓಡುತ್ತಿದ್ದರೆ ಲೆಕ್ಕವೇ ಬೇರೆ. ಸೈಕ್ಲೋಸ್ಪೊರಿನ್ ಸಾಲು ಹಾಕಿ, ಪಂಪಿನ ಓಟ ಅಳೆಯಲು ರೋಡಮೀನ್ 6ಜಿ ಬಣ್ಣ ಹೊರಹಾಕುವ ಪರೀಕ್ಷೆ ಮಾಡಿ, ಎಫ್‌ಕೆಬಿಪಿ12 ಇಲ್ಲದ ತಳಿಯೊಂದನ್ನು ಪಕ್ಕದಲ್ಲಿಡಿ. ಆ ತಳಿಯಲ್ಲಿ ಟ್ಯಾಕ್ರೊಲಿಮಸ್‌ಗೆ ಕ್ಯಾಲ್ಸಿನ್ಯೂರಿನ್ ಹಿಡಿಯಲು ದಾರಿಯೇ ಇಲ್ಲ. ಅಲ್ಲೂ ಫ್ಲುಕೊನಜೋಲ್ ಬಲವಾದರೆ ಅದು ಪಂಪಿನ ಕೆಲಸ.

ಕಲ್ಲುಹೂವು
ಸರಿ, ಎಫ್‌ಕೆಬಿಪಿ12 ತಳಿ ಒಪ್ಪಿದೆ.

ಎಂಐಸಿ ಮಾಸ್ತರ
ರೆಸಿಸ್ಟೆನ್ಸ್ ಯಾವ ಬಗೆಯದು ಅನ್ನುವುದೂ ಮುಖ್ಯ. ಎರ್ಗೋಸ್ಟೆರಾಲ್ ತಯಾರಿಯ ಇಆರ್‌ಜಿ3 ಜೀನ್ ಕೆಟ್ಟು ಬಂದ ಅಜೋಲ್ ರೆಸಿಸ್ಟೆನ್ಸ್ ಪೂರ್ತಿ ಕ್ಯಾಲ್ಸಿನ್ಯೂರಿನ್ ಮತ್ತು ಎಚ್‌ಎಸ್‌ಪಿ90 ಎಂಬ ನೆರವು ಪ್ರೋಟೀನಿನ ಹೆಗಲ ಮೇಲೆ ನಿಂತಿರುತ್ತದೆ, ಹೆಗಲು ಕೊಡವಿದರೆ ಬಿದ್ದುಹೋಗುತ್ತದೆ. ಅಜೋಲ್‌ನ ಗುರಿಯಾದ ಇಆರ್‌ಜಿ11ನಲ್ಲಿ ವೈ132ಎಫ್, ಕೆ143ಆರ್ ತರಹದ ಬದಲಾವಣೆ ಆಗಿದ್ದರೆ ಅಥವಾ ಪಂಪು ಹೆಚ್ಚಿದ್ದರೆ ಅಷ್ಟು ಸುಲಭಕ್ಕೆ ಬೀಳಲ್ಲ. ಕ್ರಿಜ್1 ಒಂದೇ ತೆಗೆದರೆ ಕ್ಯಾಲ್ಸಿನ್ಯೂರಿನ್ ತೆಗೆದಷ್ಟು ಸೂಕ್ಷ್ಮವಾಗಲ್ಲ, ಅಂದರೆ ಕ್ಯಾಲ್ಸಿನ್ಯೂರಿನ್‌ಗೆ ಕ್ರಿಜ್1 ಬಿಟ್ಟು ಬೇರೆ ಆಳುಗಳೂ ಇದ್ದಾರೆ.

ಹಾಲುಹಲ್ಲು
ಮಧ್ಯೆ ಬಾಯಿ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡಿ. ಹಾಗಾದ್ರೆ ಫಂಗಸ್ ಇನ್ಫೆಕ್ಷನ್ ಇರೋರು ಕ್ಯಾಲ್ಸಿಯಂ ಮಾತ್ರೆ, ಹಾಲು, ರಾಗಿ ಎಲ್ಲಾ ಬಿಡ್ಬೇಕಾ?

ವಾರ್ಡ್‌ರೌಂಡ್
ಬೇಡಮ್ಮಾ, ಯಾವುದನ್ನೂ ಬಿಡಬೇಡಿ. ತಿಂದ ಕ್ಯಾಲ್ಸಿಯಂ ಎಷ್ಟೇ ಇರಲಿ, ಪ್ಯಾರಾಥೈರಾಯ್ಡ್ ಹಾರ್ಮೋನು ರಕ್ತದ ಮಟ್ಟವನ್ನು ಅದೇ ಕಿರಿದಾದ ಗೆರೆಯೊಳಗೆ ಇಡುತ್ತದೆ. ಮುದ್ದೆ ಬಿಟ್ಟರೆ ಬಡವಾಗುವುದು ರೋಗಿ, ಫಂಗಸ್ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದು ಅಂಶ ಮಾತ್ರ ನಿಜ. ಕ್ಯಾಲ್ಸಿನ್ಯೂರಿನ್ ಇಲ್ಲದ ಆಲ್ಬಿಕನ್ಸ್ ಸೀರಂನಲ್ಲಿ ಬದುಕಲ್ಲ, ಕಾರಣ ಸೀರಂನಲ್ಲಿರುವ ಕ್ಯಾಲ್ಸಿಯಂ. ನಮಗೆ ಸಹಜವಾದ ಮಟ್ಟವೇ ಅದಕ್ಕೆ ವಿಷ. ಅದಕ್ಕೇ ಇಲಿಗಳಲ್ಲಿ ರಕ್ತದ ಮೂಲಕ ಕೊಟ್ಟಾಗ ಆ ತಳಿ ಸೋಲುತ್ತದೆ, ಯೋನಿಯ ಸೋಂಕಿನ ಮಾದರಿಯಲ್ಲಿ ಸೋಲಲ್ಲ. ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ಯೀಸ್ಟಿನದು ಬೇರೆ ಕಥೆ, ಅದಕ್ಕೆ 37 ಡಿಗ್ರಿಯಲ್ಲಿ ಬೆಳೆಯಲಿಕ್ಕೇ ಕ್ಯಾಲ್ಸಿನ್ಯೂರಿನ್ ಬೇಕು.

ಅಡಕೆ ಭಟ್ರು
ಅಲ್ಲ ಮಾರಾಯ್ರೆ, ಕ್ಯಾಲ್ಸಿಯಂ ಫಂಗಸ್ಸಿಗೆ ಅಷ್ಟು ಉಪಕಾರಿ ಅಂತಾದ್ರೆ ನಾವು ಕೊಳೆರೋಗಕ್ಕೆ ಪ್ರತಿ ಮಳೆಗಾಲ ಸುಣ್ಣ ಹಾಕಿ ಬೋರ್ಡೋ ಹೊಡೆಯೋದು ಯಾಕೆ?

ಕಲ್ಲುಹೂವು
ಭಟ್ರೇ, ಬೋರ್ಡೋದಲ್ಲಿ ಕೊಲ್ಲುವುದು ತಾಮ್ರ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಸುಣ್ಣ ಇರುವುದು ಆಮ್ಲ ತಗ್ಗಿಸಿ, ತಾಮ್ರವನ್ನು ಗೊನೆಗೆ ಅಂಟಿಸಿ, ಹಿಂಗಾರ ಸುಡದ ಹಾಗೆ ನೋಡಿಕೊಳ್ಳಲಿಕ್ಕೆ. ಮತ್ತೆ ಕೊಳೆರೋಗದ ಫೈಟೋಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಊಮೈಸೀಟ್. ತಾನಾಗಿ ಎರ್ಗೋಸ್ಟೆರಾಲ್ ಮಾಡಿಕೊಳ್ಳಲ್ಲ, ಹಾಗಾಗಿ ಅಜೋಲ್ ಹೊಡೆದರೆ ದುಡ್ಡು ದಂಡ. ಕ್ಯಾಲ್ಸಿಯಂ ಅದಕ್ಕೂ ಬೇಕು, ಈಜುವ ಬೀಜಕಣ ನಿಂತು ಗೋಡೆ ಕಟ್ಟಿಕೊಳ್ಳುವಾಗ.

ಅಡಕೆ ಭಟ್ರು
ನೀಲಿ ಲಿಟ್ಮಸ್ ಕೆಂಪಾದ್ರೆ ಇನ್ನೂ ಸುಣ್ಣ ಬೇಕು, ಹೊಳಪಿನ ಚಾಕು ಅದ್ದಿ ಕೆಂಚಗಾದ್ರೂ ಬೇಕು. ಅಷ್ಟು ನಮಗೆ ಗೊತ್ತುಂಟು ಬಿಡಿ.

ಭತ್ತದ ಬೆಂಕಿ
ಬೆಳೆ ಕಡೆ ಬಂದಿದ್ದೀರಿ ಅಂತ ಒಂದು ಮಾತು. ಭತ್ತದ ಬೆಂಕಿರೋಗದ ಮ್ಯಾಗ್ನಪೋರ್ತೆ ಪಕ್ಕಾ ಶಿಲೀಂಧ್ರ. ಎಲೆಯನ್ನು ಚುಚ್ಚಲು ಅದು ಕಟ್ಟುವ ಅಪ್ರೆಸೋರಿಯಂಗೆ ಇದೇ ಕ್ಯಾಲ್ಸಿನ್ಯೂರಿನ್ ಮತ್ತು ಕ್ರಿಜ್1 ಬೇಕು. ಇನ್ನು ಹೊಲಕ್ಕೆ ಅಜೋಲ್ ಹೊಡೆದಿದ್ದರ ಬಿಲ್ ಆಸ್ಪತ್ರೆಗೆ ಬರುತ್ತದೆ ಅನ್ನುವುದಕ್ಕೆ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಷ್ಟಿನ ಟಿಆರ್34/ಎಲ್98ಎಚ್ ಎಂಬ ಅಜೋಲ್ ರೆಸಿಸ್ಟೆನ್ಸ್ ಮ್ಯುಟೇಶನ್ ಸಾಕ್ಷಿ.

ವಾರ್ಡ್‌ರೌಂಡ್
ಆಸ್ಪರ್ಜಿಲಸ್ ಹೆಸರು ಬಂತಲ್ಲ, ಗೋಡೆಯ ಬೀಟಾ ಗ್ಲುಕಾನ್ ತಯಾರಿ ನಿಲ್ಲಿಸುವ ಕ್ಯಾಸ್ಪೊಫಂಜಿನ್ ವಿಚಾರ ಹೇಳಲೇಬೇಕು. ಡೋಸ್ ಏರಿಸಿದಷ್ಟೂ ಫಂಗಸ್ ಸೊರಗಬೇಕು ತಾನೆ? 4 ಮೈಕ್ರೋಗ್ರಾಂ ಆಸುಪಾಸಿಗೆ ಏರಿಸಿದಾಗ ಮತ್ತೆ ಬೆಳೆಯುತ್ತದೆ. ವಿರೋಧಾಭಾಸ ಅಂತಲೇ ಹೆಸರು. ಬೀಟಾ ಗ್ಲುಕಾನ್ ತಯಾರಿ ನಿಂತಾಗ ಕ್ಯಾಲ್ಸಿಯಂ ನುಗ್ಗಿ, ಕ್ಯಾಲ್ಸಿನ್ಯೂರಿನ್ ಮತ್ತು ಕ್ರಿಜ್‌ಎ (ಆಸ್ಪರ್ಜಿಲಸ್‌ನ ಕ್ರಿಜ್1) ಎದ್ದು, ಕೈಟಿನ್ ಹೆಚ್ಚಿಸಿ ಗೋಡೆಗೆ ತೇಪೆ ಹಾಕುತ್ತವೆ. ಟ್ಯಾಕ್ರೊಲಿಮಸ್ ಇಟ್ಟರೆ ಆ ಎರಡನೇ ಬೆಳವಣಿಗೆ ಇಲ್ಲ.

ಓದುವಾಗ ಎಂಐಸಿ ಅಲ್ಲ, ಎಂಇಸಿ (ಪರಿಣಾಮ ಕಾಣುವ ಕನಿಷ್ಠ ಪ್ರಮಾಣ) ಹುಡುಕಿ. ಎಳೆಗಳು ಗಿಡ್ಡಗೆ, ದಪ್ಪಗೆ, ಪೊರಕೆ ಮೋಟಿನ ಹಾಗೆ ಕವಲೊಡೆದ ಮೊದಲ ವೆಲ್. ಪೂರ್ತಿ ತಿಳಿಯಾಗಲಿ ಅಂತ ಕಾದರೆ ಯಾವತ್ತೂ ಆಗಲ್ಲ.

ಪಂಪ್‌ಸೆಟ್
ಆಲ್ಬಿಕನ್ಸ್‌ನಲ್ಲೂ ಇದನ್ನು ಬೇಕೆಂದೇ ಮಾಡಿ ತೋರಿಸಬಹುದು. ಕ್ಯಾಲ್ಸಿಯಂ ಕ್ಲೋರೈಡ್ 0.2 ಮೋಲಾರ್, ಕೈಟಿನ್‌ಗೆ ಅಂಟುವ ಬಣ್ಣ ಕ್ಯಾಲ್ಕೋಫ್ಲೋರ್ ವೈಟ್ 100 ಮೈಕ್ರೋಗ್ರಾಂ/ಮಿ.ಲೀ. ಎರಡರಲ್ಲಿ ಮೊದಲೇ ಬೆಳೆಸಿದ ಕೋಶದ ಗೋಡೆಯಲ್ಲಿ ಕೈಟಿನ್ ಏರುತ್ತದೆ, ಆಮೇಲೆ ಕ್ಯಾಸ್ಪೊಫಂಜಿನ್ ಕೊಟ್ಟರೆ ಬದುಕುತ್ತವೆ. ಇದನ್ನು ವೈಪಿಡಿ ಮೀಡಿಯಂನಲ್ಲಿ ಮಾಡಿ, ಧಾರವಾಡದವರು ಹೇಳಿದ ಸುಣ್ಣದ ಕಾಟ ಆರ್‌ಪಿಎಂಐಗಿಂತ ಕಡಿಮೆ. ಕ್ಯಾಲ್ಸಿಯಂ ದ್ರಾವಣ ಬೇರೆ ಆಟೋಕ್ಲೇವ್ ಮಾಡಿ, ತಣಿದ ಮೇಲೆ ಸೇರಿಸಿ.

ತಟ್ಟೆಬೂಷ್ಟು
ಕ್ಯಾಲ್ಸಿಯಂ ಸೇರಿಸುವ ಬದಲು ತೆಗೆದು ನೋಡಿದರೆ? ಲೋಹದ ಅಯಾನು ಹಿಡಿದಿಡುವ ಇಡಿಟಿಎ ಇದೆ.

ಧಾರವಾಡ ಯೀಸ್ಟ್
ಇಡಿಟಿಎ ಬ್ಯಾಡ್ರಿ. ಅದು ಮೆಗ್ನೀಸಿಯಂ, ಕಬ್ಬಿಣ, ಸತು ಎಲ್ಲಾನೂ ಬಾಚಿಕೊಂಡ ಹೋಗತದ. ಕಬ್ಬಿಣ ಇಲ್ಲದ ಕ್ಯಾಂಡಿಡಾ ಸತ್ರ ಕ್ಯಾಲ್ಸಿಯಂ ಮ್ಯಾಲೆ ಯಾಕ ಕೇಸ್ ಹಾಕ್ತೀರಿ? ಇಜಿಟಿಎ ತಗೋರಿ, ಅದು ಮೆಗ್ನೀಸಿಯಂ ಅಷ್ಟಾಗಿ ಮುಟ್ಟೂದಿಲ್ಲ. ಆದ್ರ ಅದಕ್ಕ ಪಿಎಚ್ ಅಂದ್ರ ಪ್ರಾಣ. ಒಂದು ಪಿಎಚ್ ಇಳದ್ರ ಕ್ಯಾಲ್ಸಿಯಂ ಹಿಡಿತ ನೂರು ಪಟ್ಟು ಸಡಿಲ. ಪಿಎಚ್ 7ರ ಆರ್‌ಪಿಎಂಐನಾಗ ನಡೀತದ, ಯೀಸ್ಟ್ ಬೆಳದು ಹುಳಿಯಾದ ವೈಪಿಡಿನಾಗ ಭರವಸೆ ಇಲ್ಲ. ಅಲ್ಲಿ ಬಾಪ್ಟಾ ಹಾಕ್ರಿ.

ಇಜಿಟಿಎ ಸ್ಟಾಕ್ 0.5 ಮೋಲಾರ್, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 8ಕ್ಕ ತಂದ್ರನ ಕರಗೂದು. ಆರ್‌ಪಿಎಂಐನಾಗ ಕ್ಯಾಲ್ಸಿಯಂ ಇರೂದೇ 0.42 ಮಿಲಿಮೋಲಾರ್, ಇಜಿಟಿಎ 1 ಮಿಲಿಮೋಲಾರ್ ಸಾಕು. ಒಂದು ಸಾಲಿನಾಗ ಇಜಿಟಿಎ ಜೋಡಿ ಅಷ್ಟೇ ಕ್ಯಾಲ್ಸಿಯಂ ತಿರುಗಿ ಕೊಡ್ರಿ, ಇನ್ನೊಂದರಾಗ ಮೆಗ್ನೀಸಿಯಂ ಕ್ಲೋರೈಡ್ ಕೊಡ್ರಿ. ಕ್ಯಾಲ್ಸಿಯಂ ಕೊಟ್ಟಾಗ ಮಬ್ಬ ತಿರುಗಿ ಬರಬೇಕು, ಮೆಗ್ನೀಸಿಯಂ ಕೊಟ್ಟಾಗ ಬರಬಾರದು.

ಎಂಐಸಿ ಮಾಸ್ತರ
ಅಂದ ಹಾಗೆ ಆರ್‌ಪಿಎಂಐನ ಆ 0.42, ರಕ್ತದ ಅರ್ಧಕ್ಕೂ ಕಡಿಮೆ. ಕ್ಯಾಲ್ಸಿಯಂ ಬಗ್ಗೆ ಪ್ಲೇಟ್ ನೋಡಿ ರೋಗಿಗೆ ಅನ್ವಯಿಸುವಾಗ ಇದು ನೆನಪಿರಲಿ.

ಈಗ ಜೋಡಿ ಔಷಧದ ಚೆಕರ್‌ಬೋರ್ಡ್, ಅಂದರೆ ಎರಡೂ ಔಷಧದ ಎಲ್ಲಾ ಪ್ರಮಾಣ ಜೋಡಿಸಿ ನೋಡುವ ಪ್ಲೇಟ್. ಕಾಲಂ 1ರಿಂದ 10 ಫ್ಲುಕೊನಜೋಲ್ 64ರಿಂದ 0.125. ಕಾಲಂ 11 ಫ್ಲುಕೊನಜೋಲ್ ಇಲ್ಲದ್ದು, 12ರಲ್ಲಿ ಕೋಶ ಇಲ್ಲ. ಸಾಲು ಎಯಿಂದ ಜಿವರೆಗೆ ಟ್ಯಾಕ್ರೊಲಿಮಸ್ 4ರಿಂದ 0.06, ಎಚ್ ಸಾಲಿಗೆ ಸೊನ್ನೆ. ಎರಡೂ ಔಷಧ ನಾಲ್ಕು ಪಟ್ಟು ಗಟ್ಟಿ ಮಾಡಿ 50-50 ಮೈಕ್ರೋಲೀಟರ್, ಮೇಲೆ 100 ಮೈಕ್ರೋಲೀಟರ್ ಇನಾಕ್ಯುಲಂ (ಕೋಶದ ದ್ರವ). ಅದರ ಮಬ್ಬನ್ನು 0.5 ಮ್ಯಾಕ್‌ಫರ್ಲ್ಯಾಂಡ್ (ಮಬ್ಬಿನ ಅಳತೆ) ಮಾಡಿ ಮೊದಲು 50 ಪಟ್ಟು, ಆಮೇಲೆ 20 ಪಟ್ಟು ತೆಳು ಮಾಡಿದರೆ ವೆಲ್‌ನಲ್ಲಿ ಕೊನೆಗೆ ಮಿ.ಲೀ.ಗೆ 500ರಿಂದ 2,500 ಕೋಶ. ಟ್ಯಾಕ್ರೊಲಿಮಸ್ ಕರಗುವುದು ಡಿಎಂಎಸ್‌ಓದಲ್ಲಿ, ವೆಲ್‌ನಲ್ಲಿ ಅದು ಶೇ 1 ಮೀರಬಾರದು, ಕಂಟ್ರೋಲ್‌ಗೂ ಅಷ್ಟೇ ಹಾಕಿ.

ಎಫ್‌ಐಸಿ ಲೆಕ್ಕ (ಜೊತೆಯಲ್ಲಿನ ಎಂಐಸಿಯನ್ನು ಒಂಟಿ ಎಂಐಸಿಯಿಂದ ಭಾಗಿಸಿ ಕೂಡುವುದು), ಉದಾಹರಣೆಗೆ: 48 ಗಂಟೆಗೆ ಫ್ಲುಕೊನಜೋಲ್ ಒಂದೇ 64, ಜೊತೆಯಲ್ಲಿ 4 ಆದರೆ 0.0625. ಟ್ಯಾಕ್ರೊಲಿಮಸ್ ಒಂದೇ 4 ದಾಟಿತು, 8 ಅಂತಿಟ್ಟುಕೊಳ್ಳಿ, ಜೊತೆಯಲ್ಲಿ 0.25, ಅಂದರೆ 0.03. ಕೂಡಿದರೆ 0.09, 0.5ಕ್ಕಿಂತ ಕಡಿಮೆ, ಸಿನರ್ಜಿ, ಅಂದರೆ ಒಂದಕ್ಕೊಂದು ಬಲ.

ಕಲ್ಲುಹೂವು
ಮಾಸ್ತರೇ, ಇಲ್ಲೇ ಎಲ್ಲರೂ ಎಡವುವುದು. ಇದೇ ಪ್ಲೇಟನ್ನು 24 ಗಂಟೆಗೆ ಶೇ 50ರ ಗೆರೆಯಲ್ಲಿ ಓದಿದರೆ ಫ್ಲುಕೊನಜೋಲ್ ಒಂದೇ 0.5, ಜೊತೆಯಲ್ಲೂ 0.5, ‘ಏನೂ ಸಂಬಂಧವಿಲ್ಲ’ ಅಂತ ಬರುತ್ತದೆ. ಕ್ಯಾಲ್ಸಿಯಂ ದಾರಿ ಮುಚ್ಚಿದಾಗ ಬದಲಾಗುವುದು ಎಂಐಸಿ ಅಲ್ಲ, ಸಾವಿನ ಲೆಕ್ಕ. ಅದನ್ನೇ ಅಳೆಯಬೇಕು.

ಎಂಐಸಿ ಮಾಸ್ತರ
ಸರಿ, ಒಪ್ಪಿದೆ. ಆದರೆ ತಿಳಿಯಾದ ವೆಲ್‌ನಿಂದ ಅಗಾರಿಗೆ ಚುಕ್ಕೆ ಇಟ್ಟು ‘ಶೇ 99.9 ಸತ್ತಿವೆ’ ಅಂತ ಬರೆಯುತ್ತಾರಲ್ಲ, ಅದೂ ತಪ್ಪು. ಮಿ.ಲೀ.ಗೆ 1,000 ಕೋಶ ಇದ್ದರೆ 200 ಮೈಕ್ರೋಲೀಟರ್ ವೆಲ್‌ನಲ್ಲಿ ಇರುವುದೇ 200. ಅದರಲ್ಲಿ 100 ಮೈಕ್ರೋಲೀಟರ್ ಹರಡಿದರೆ ಶುರುವಿನ ಲೆಕ್ಕ 100 ಕಾಲನಿ. ಸೊನ್ನೆ ಬಂದರೂ ಎರಡು ಲಾಗ್‌ಗಿಂತ (ಶೇ 99) ಹೆಚ್ಚು ಹೇಳಲು ಬರಲ್ಲ. ಟೈಮ್-ಕಿಲ್ (ಹೊತ್ತು ಹೊತ್ತಿಗೆ ಬದುಕಿದ ಕೋಶ ಎಣಿಸುವ ಪರೀಕ್ಷೆ) ಮಾಡಿ, ಮಿ.ಲೀ.ಗೆ 5 ಲಕ್ಷ ಕೋಶದಿಂದ ಶುರು ಮಾಡಿ 0, 6, 12, 24, 48 ಗಂಟೆಗೆ ತೆಗೆಯಿರಿ. ಹರಡುವ ಮುಂಚೆ ಸಲೈನಿನಲ್ಲಿ ಎರಡು ಸಲ ತೊಳೆಯಿರಿ, ಇಲ್ಲದಿದ್ದರೆ ಜೊತೆಗೆ ಬಂದ ಔಷಧ ತಟ್ಟೆಯ ಮೇಲೂ ಕೆಲಸ ಮಾಡುತ್ತದೆ.

ಪೆನ್ನುಪೇಪರು
ಬರೆಯುವವರಿಗೆ ಒಂದು ಕೋರಿಕೆ: ರೆಸಿಸ್ಟೆನ್ಸ್‌ಗೂ ಟಾಲರೆನ್ಸ್‌ಗೂ ಎರಡಕ್ಕೂ ‘ಪ್ರತಿರೋಧ’ ಅಂತ ಹಾಕಬೇಡಿ. ‘ಸಹಿಷ್ಣುತೆ’ ಸಭೆಯ ಭಾಷಣದ ಹಾಗಿದೆ. ‘ತಾಳಿಕೆ’ ಸಾಕಲ್ಲವೇ?

ಧಾರವಾಡ ಯೀಸ್ಟ್
ತಾಳಿಕೆ ಛಲೋ ಐತ್ರಿ.

ಹಾಲುಹಲ್ಲು
2021ರಲ್ಲಿ ಬಂದ ಬ್ಲ್ಯಾಕ್ ಫಂಗಸ್‌ಗೂ ಇದೇ ಜೋಡಿ ಕೊಡಬಹುದಿತ್ತಾ?

ವಾರ್ಡ್‌ರೌಂಡ್
ಮ್ಯೂಕರ್ ಗುಂಪಿಗೆ ಫ್ಲುಕೊನಜೋಲ್ ನಾಟುವುದೇ ಇಲ್ಲ. ಅಲ್ಲಿ ಲೈಪೋಸೋಮಲ್ ಆಂಫೊಟೆರಿಸಿನ್, ಸರ್ಜರಿ, ಸಕ್ಕರೆ ಹತೋಟಿ. ಇನ್ನು ಜೀವಂತ ಮನುಷ್ಯನಿಗೆ ಟ್ಯಾಕ್ರೊಲಿಮಸ್ ಕೊಟ್ಟರೆ ನಮ್ಮ ಟಿ ಕೋಶದ ಕ್ಯಾಲ್ಸಿನ್ಯೂರಿನ್ ಕೂಡ ಮಲಗುತ್ತದೆ, ರೋಗನಿರೋಧಕ ಶಕ್ತಿಯೇ ಕುಸಿಯುತ್ತದೆ. ಕಸಿ ರೋಗಿಗಳ ರಕ್ತದಲ್ಲಿ ಮುಂದಿನ ಡೋಸ್‌ಗೆ ಮುಂಚೆ ಇಡುವ ಮಟ್ಟ ಮಿ.ಲೀ.ಗೆ 5ರಿಂದ 15 ನ್ಯಾನೋಗ್ರಾಂ. ಪ್ಲೇಟಿನಲ್ಲಿ ಹಾಕಿದ್ದು 1,000 ನ್ಯಾನೋಗ್ರಾಂ! ಇದನ್ನು ಚಿಕಿತ್ಸೆ ಅಂತ ಯಾರೂ ಓದಿಕೊಳ್ಳಬೇಡಿ.

ಅಜೋಲ್‌ಗಳು ಔಷಧವನ್ನು ಒಡೆಯುವ ಸಿವೈಪಿ3ಎ4 ಕಿಣ್ವ ತಡೆದು ಟ್ಯಾಕ್ರೊಲಿಮಸ್ ಮಟ್ಟವನ್ನು ಬೇರೆ ಏರಿಸುತ್ತವೆ. ಕಸಿ ಆದವರಿಗೆ ವೊರಿಕೊನಜೋಲ್ ಶುರು ಮಾಡಿದ ದಿನವೇ ಟ್ಯಾಕ್ರೊಲಿಮಸ್ ಮೂರನೇ ಒಂದಕ್ಕೆ, ಸೈಕ್ಲೋಸ್ಪೊರಿನ್ ಅರ್ಧಕ್ಕೆ ಇಳಿಸಿ, ಮಟ್ಟ ನೋಡುತ್ತಾ ಹೋಗಬೇಕು. ಅಜೋಲ್ ನಿಲ್ಲಿಸುವಾಗ ಮತ್ತೆ ಏರಿಸಲು ಮರೆತರೆ ಕಸಿಗೇ ಅಪಾಯ. ಇನ್ನು ಹೃದಯದ ಔಷಧ ಅಮಿಯೊಡರೋನ್ ಫಂಗಸ್ ಕೋಶಕ್ಕೆ ಕ್ಯಾಲ್ಸಿಯಂ ನುಗ್ಗಿಸಿ ಅಜೋಲ್‌ಗೆ ಬಲ ಕೊಡುತ್ತದೆ ಅಂತ ಓದಿ ಹಿಗ್ಗಬೇಡಿ. ಅದೂ ಫ್ಲುಕೊನಜೋಲೂ ಎರಡೂ ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದ ಮಾಡಿ ಹೃದಯದ ಬಡಿತ ಕೆಡಿಸಬಲ್ಲ ಜಾತಿ.

ಕಲ್ಲುಹೂವು
ಹೊರದಾರಿ ಇದೆ. ಎಫ್‌ಕೆಬಿಪಿ12ನ 88ನೇ ಜಾಗದಲ್ಲಿ ಮನುಷ್ಯನಿಗೆ ಹಿಸ್ಟಿಡಿನ್, ಫ್ಯುಮಿಗೇಟಸ್‌ಗೆ ಫೀನೈಲಾಲನೀನ್. ಆ ಒಂದು ವ್ಯತ್ಯಾಸ ಹಿಡಿದು ಟ್ಯಾಕ್ರೊಲಿಮಸ್‌ನ 22ನೇ ಕಾರ್ಬನ್ ಬದಲಿಸಿ ಎಪಿಎಕ್ಸ್879 ಮಾಡಿದರು, 2019ರಲ್ಲಿ ಪ್ರಕಟವಾಯಿತು. ನಿರೋಧಕ ಶಕ್ತಿ ತಗ್ಗಿಸುವುದು ಕಡಿಮೆ, ಇಲಿಗಳ ಕ್ರಿಪ್ಟೊಕಾಕಸ್ ಸೋಂಕಿನಲ್ಲಿ ಕೆಲಸ ಮಾಡಿತು.

ಪಂಪ್‌ಸೆಟ್
ಅದಕ್ಕೂ ಕಳ್ಳದಾರಿ ಇದೆ. ಮ್ಯೂಕರ್ ಸರ್ಸಿನೆಲ್ಲಾಯ್ಡಿಸ್ ಟ್ಯಾಕ್ರೊಲಿಮಸ್‌ನಲ್ಲಿ ಯೀಸ್ಟ್ ರೂಪದಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಕೆಲವು ದಿನದ ಮೇಲೆ ಅಂಚಿನಿಂದ ಎಳೆ ಬಿಡುವ ತೇಪೆ ಕಾಣುತ್ತದೆ. ಅದರ ಎಫ್‌ಕೆಬಿಎ (ಎಫ್‌ಕೆಬಿಪಿ12 ಕೊಡುವ) ಜೀನ್ ಸೀಕ್ವೆನ್ಸ್ ಮಾಡಿದರೆ ಕೆಲವದರಲ್ಲಿ ಒಂದಕ್ಷರವೂ ಬದಲಾಗಿರಲ್ಲ! ಆರ್‌ಎನ್‌ಎಐ (ಆರ್‌ಎನ್‌ಎ ಬಳಸಿ ಜೀನ್ ಅಡಗಿಸುವ ವ್ಯವಸ್ಥೆ) ಮೂಲಕ ಆ ಜೀನಿನ ಬಾಯಿ ಮುಚ್ಚಿರುತ್ತದೆ. ಔಷಧವಿಲ್ಲದ ತಟ್ಟೆಯಲ್ಲಿ ಕೆಲವು ಸಲ ಸಾಗಿಸಿದರೆ ಮತ್ತೆ ಮೊದಲಿನ ಹಾಗೆ. ಆದ್ದರಿಂದ ರೆಸಿಸ್ಟೆಂಟ್ ತೇಪೆ ಸಿಕ್ಕ ದಿನವೇ ಔಷಧದ ಮೇಲಿಂದಲೇ ಗ್ಲಿಸರಾಲ್ ಸ್ಟಾಕ್ ಮಾಡಿ.

ತಟ್ಟೆಬೂಷ್ಟು
ಎಲ್ಲರಿಗೂ ಧನ್ಯವಾದ. ಸುಣ್ಣದ ಸಾಲು ಕೈಬಿಟ್ಟೆ, ಆಸಿಡ್ ಹನಿಗೆ ತಿಳಿಯಾಯಿತು. ಕೊನೆಯದೊಂದು: ಜೀವಂತ ಕೋಶದಲ್ಲೇ ಕ್ಯಾಲ್ಸಿಯಂ ಏರುವುದು ನೋಡಲು ಫ್ಯೂರಾ-2 ಎಎಂ ಬಣ್ಣ ನಡೆಯುತ್ತಾ, ಕ್ಯಾಲ್ಸಿಯಂಗೆ ಹೊಳೆಯುವ ಜಿಕ್ಯಾಂಪ್ ಪ್ರೋಟೀನಿನ ಪ್ಲಾಸ್ಮಿಡ್ ತರಿಸಲಾ?

ಪಂಪ್‌ಸೆಟ್
ಫ್ಯೂರಾ ಒಳರಸದಲ್ಲಿ ನಿಲ್ಲದೆ ವ್ಯಾಕ್ಯುವೋಲ್ ಸೇರುತ್ತದೆ, ಆಮೇಲೆ ನೀವು ನೋಡುವುದು ಉಗ್ರಾಣ, ಅಂಗಳವಲ್ಲ. ಜಿಕ್ಯಾಂಪ್ ಒಳ್ಳೆಯದು, ಆದರೆ ಪ್ರಾಣಿಕೋಶಕ್ಕೆ ಮಾಡಿದ ಪ್ಲಾಸ್ಮಿಡ್ ಆಲ್ಬಿಕನ್ಸ್‌ಗೆ ಹಾಕಬೇಡಿ. ಆಲ್ಬಿಕನ್ಸ್ ಸಿಯುಜಿ ಕೋಡಾನ್ ಅನ್ನು ಲ್ಯೂಸಿನ್ ಅಂತ ಓದದೆ ಸೆರಿನ್ ಅಂತ ಓದುತ್ತದೆ, ಹೊಳೆಯುವುದಿಲ್ಲ. ಎಲ್ಲಾ ಸಿಟಿಜಿ (ಡಿಎನ್‌ಎಯಲ್ಲಿ ಅದೇ ಸಿಯುಜಿ) ಬದಲಿಸಿದ ಆವೃತ್ತಿ ಬೇಕು. ಕ್ಯಾಂಡಿಡಾ ಔರಿಸ್‌ಗೂ ಅದೇ ನಿಯಮ, ಗ್ಲಾಬ್ರೇಟಾಗೆ ಇಲ್ಲ. ಸುಲಭ ಬೇಕಾದರೆ ಕ್ರಿಜ್1ಗೆ ಹೊಳೆಯುವ ಜಿಎಫ್‌ಪಿ ಕಟ್ಟಿ, ಕ್ಯಾಲ್ಸಿಯಂ 200 ಮಿಲಿಮೋಲಾರ್ ಕೊಟ್ಟು ಕೆಲವೇ ನಿಮಿಷದಲ್ಲಿ ನ್ಯೂಕ್ಲಿಯಸ್ಸಿಗೆ ಓಡುವುದನ್ನು ನೋಡಿ. ಟ್ಯಾಕ್ರೊಲಿಮಸ್ ಮೊದಲೇ ಹಾಕಿದ್ದರೆ ಓಡಬಾರದು. ಆ 200 ಮಿಲಿಮೋಲಾರ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ 100 ಮಿ.ಲೀ.ಗೆ 2.22 ಗ್ರಾಂ.

ಧಾರವಾಡ ಯೀಸ್ಟ್
2.22 ಅನ್‌ಹೈಡ್ರಸ್ (ನೀರಿಲ್ಲದ) ಲೆಕ್ಕರಿ. ಲ್ಯಾಬಿನಾಗ ಹೆಚ್ಚಾಗಿ ಇರೂದು ಡೈಹೈಡ್ರೇಟ್, ಅದಕ್ಕ 2.94. ತೂಗೂ ಮೊದಲ ಡಬ್ಬಿ ಮ್ಯಾಲಿನ ಚೀಟಿ ಓದ್ರಿ. ಅನ್‌ಹೈಡ್ರಸ್ ಡಬ್ಬಿ ಮುಚ್ಚಳ ಸಡಿಲಿದ್ರ ಅದು ನೀರ ಎಳಕೊಂಡು ಗಟ್ಟಿ ಆಗಿರತದ, ಅವಾಗ ಯಾವ ಲೆಕ್ಕನೂ ಹತ್ತೂದಿಲ್ಲ, ಹೊಸಾ ಡಬ್ಬಿ ಒಡೀರಿ.